ಉಡುಗೊರೆಯ ಮೇಲೆ ಯಾರ ಹೆಸರು?

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಮುಂಬಯಿಯ ಬಣ್ಣವೇ ಬೇರೆಯಾಗುತ್ತದೆ. ಚಳಿ ಎಂಬುದು ಈ ಊರಿಗೆ ಬರುವುದು ಹೆಸರಿಗೆ ಮಾತ್ರ. ಆದರೂ ಮಾಲುಗಳ ಒಳಗೆ ಹತ್ತಿಯ ಹಿಮ ಸುರಿಯುತ್ತದೆ. ಎರಡು ಮಾಳಿಗೆ ಎತ್ತರದ ಪ್ಲಾಸ್ಟಿಕ್ ಮರ ಎದ್ದು ನಿಲ್ಲುತ್ತದೆ. ಕೆಂಪು ಅಂಗಿ ತೊಟ್ಟು, ಬಿಳಿ ಗಡ್ಡ ಅಂಟಿಸಿಕೊಂಡ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತಾ ಮಕ್ಕಳ ಕೈಗೆ ಚಾಕೊಲೇಟು ಕೊಡುತ್ತಿರುತ್ತಾನೆ. ಮರದ ಬುಡದಲ್ಲಿ ಬಣ್ಣದ ಕಾಗದ ಸುತ್ತಿ ರಿಬ್ಬನ್ನು ಕಟ್ಟಿದ ಡಬ್ಬಿಗಳ ರಾಶಿ. ಅವುಗಳಲ್ಲಿ ಏನಿದೆಯೆಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ? ಏನೂ ಇರುವುದಿಲ್ಲ. ಅವು ಶೋಭೆಗಾಗಿ ಇಟ್ಟ ಖಾಲಿ ಡಬ್ಬಿಗಳು. ಯಾರ ಹೆಸರೂ ಇಲ್ಲದ ಉಡುಗೊರೆಗಳು!

"ನಮ್ಮದಲ್ಲದ ಹಬ್ಬದ ಚಿಂತೆ ಈ ಆಂಟಿಗೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಕ್ರಿಸ್‌ಮಸ್ ಈಗ ನಿಮ್ಮ ಆಫೀಸಿನೊಳಕ್ಕೂ ಬಂದಿದೆ. ಚೀಟಿ ಎತ್ತಿ, ಬಂದ ಹೆಸರಿನವರಿಗೆ ಗುಟ್ಟಾಗಿ ಉಡುಗೊರೆ ಕೊಡುವ 'ಸೀಕ್ರೆಟ್ ಸಾಂಟಾ' ಆಟವನ್ನು ನಿಮ್ಮಲ್ಲಿ ಆಡದವರು ಕಡಿಮೆ. ಇನ್ನೊಂದು, ನಮ್ಮ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರಲ್ಲಿ ನಾವು ಮಾತ್ರ ಇಲ್ಲ, ಮಂಗಳೂರು ಕಡೆಯ ಕ್ರೈಸ್ತ ಬಂಧುಗಳೂ ಇದ್ದಾರೆ. ಅವರ ಹಬ್ಬ ನಮ್ಮ ಪಕ್ಕದ ಮನೆಯ ಹಬ್ಬ. ಪಕ್ಕದ ಮನೆಯ ಹಬ್ಬದ ಬಗ್ಗೆ ಎರಡು ಮಾತಾಡುವ ಸಲುಗೆ ಇರಬೇಡವೇ?

ಉಡುಗೊರೆ ಕೊಡುವ ಈ ಪದ್ಧತಿಯ ಮೂಲಕ್ಕೆ ಹೋದರೆ ಒಬ್ಬ ಸಂತ ಸಿಗುತ್ತಾನೆ. ಇಂದಿನ ತುರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ 4ನೆಯ ಶತಮಾನದಲ್ಲಿ ಬಿಷಪ್ ಆಗಿದ್ದ ನಿಕೊಲಾಸ್. ಅವನ ಬಗ್ಗೆ ಒಂದು ಐತಿಹ್ಯ ಹೀಗಿದೆ: ಬಡ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ಮದುವೆ ಮಾಡಲು ಕೈಯಲ್ಲಿ ಕಾಸಿಲ್ಲ. ಇದನ್ನು ತಿಳಿದ ನಿಕೊಲಾಸ್ ರಾತ್ರಿಯ ಹೊತ್ತು ಆ ಮನೆಯ ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಹೋದನಂತೆ. ಒಬ್ಬೊಬ್ಬಳಿಗೆ ಒಂದೊಂದು ಗಂಟು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಆ ಮನೆಯಲ್ಲಿ ಏನು ಕೊರತೆ ಇದೆ ಎಂಬುದು ಕೊಡುವವನಿಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟವನು ಯಾರು ಎಂಬುದು ಮಾತ್ರ ಆ ಮನೆಯವರಿಗೆ ಗೊತ್ತಾಗಬಾರದಾಗಿತ್ತು. ನಿಮ್ಮ ಆಫೀಸಿನ 'ಸೀಕ್ರೆಟ್ ಸಾಂಟಾ' ಆಟದಲ್ಲಿ ಗುಟ್ಟು ಉಳಿದುಕೊಂಡಿದೆ. ಮೊದಲನೆಯದು, ಅಂದರೆ ತಿಳಿದುಕೊಳ್ಳುವುದು, ಎಷ್ಟು ಉಳಿದಿದೆ ಎಂದು ನೀವೇ ಹೇಳಬೇಕು.

ಈ ಸಂತ ಸಾಂಟಾಕ್ಲಾಸ್ ಆದ ಕಥೆ ಸ್ವಾರಸ್ಯಕರವಾದದ್ದು. ಅಮೆರಿಕದಲ್ಲಿ ಕ್ರಿಸ್‌ಮಸ್ಸಿಗೆ ಮೊದಲಿನಿಂದಲೂ ಇಂಥ ವೈಭವ ಇತ್ತೆಂದು ತಿಳಿಯಬೇಡಿ. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ 5 ಷಿಲಿಂಗ್ ದಂಡ ವಿಧಿಸುವ ಕಾನೂನೇ ಬಂದಿತ್ತು! 1681ರಲ್ಲಿ ಅದನ್ನು ತೆಗೆದುಹಾಕಿದರು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆಯಲ್ಲಿ ಪ್ರಕಟವಾದ ಕವಿತೆಯೊಂದು ಸಂತ ನಿಕೊಲಾಸನನ್ನು ಎಂಟು ಹಿಮಸಾರಂಗಗಳ ಬಂಡಿಯಲ್ಲಿ ಕೂರಿಸಿತು. ಅನಂತರ 1863ರಿಂದ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಅವನಿಗೆ ಡೊಳ್ಳುಹೊಟ್ಟೆಯನ್ನೂ ಗಡ್ಡವನ್ನೂ ಕೊಟ್ಟ. 1931ರಿಂದ ಕೋಕಾ ಕೋಲಾ ಜಾಹೀರಾತುಗಳಿಗಾಗಿ ಹ್ಯಾಡನ್ ಸಂಡ್‌ಬ್ಲಾಮ್ ಬರೆದ ಚಿತ್ರಗಳು ಆ ನಗುಮುಖದ ಅಜ್ಜನನ್ನು ಜಗತ್ತಿನ ಮೂಲೆಮೂಲೆಗೂ ಕೊಂಡೊಯ್ದವು.

ವ್ಯಾಪಾರಿಗಳು ಸುಮ್ಮನೆ ಕೂರುತ್ತಾರೆಯೇ? 1924ರಲ್ಲಿ ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯವರು ಮೆರವಣಿಗೆಯೊಂದನ್ನು ಆರಂಭಿಸಿದರು. ಅದರ ಕೊನೆಯಲ್ಲಿ ಸಾಂಟಾಕ್ಲಾಸ್ ಬಂದು ಇಳಿದದ್ದು ಚರ್ಚಿನ ಬಾಗಿಲಿಗಲ್ಲ, ಅಂಗಡಿಯ ಬಾಗಿಲಿಗೆ. 1939ರಲ್ಲಿ ಮಾಂಟ್ಗೊಮೆರಿ ವಾರ್ಡ್ ಎಂಬ ಇನ್ನೊಂದು ಕಂಪೆನಿ ಗಿರಾಕಿಗಳ ಮಕ್ಕಳಿಗೆ ಹಂಚಲೆಂದು ಒಂದು ಕಥೆಪುಸ್ತಕ ಬರೆಸಿತು. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದು ಆ ಪುಸ್ತಕದಲ್ಲಿಯೇ. ನಮ್ಮ ಮಕ್ಕಳು ಶಾಲೆಯಲ್ಲಿ ಹಾಡಿ ಕುಣಿಯುವ ರುಡಾಲ್ಫ್ ಒಂದು ಅಂಗಡಿಯ ಪುಕ್ಕಟೆ ಕೊಡುಗೆಯಾಗಿ ಹುಟ್ಟಿದವನು! ಅದೇ ವರ್ಷ ಇನ್ನೂ ಒಂದು ಘಟನೆ ನಡೆಯಿತು. ಅಮೆರಿಕದಲ್ಲಿ ಆಗ ನವೆಂಬರಿನ ಕೊನೆಯ ಗುರುವಾರ 'ಥ್ಯಾಂಕ್ಸ್‌ಗಿವಿಂಗ್' ಹಬ್ಬ ನಡೆಯುತ್ತಿತ್ತು; ಕ್ರಿಸ್‌ಮಸ್ ಖರೀದಿಯ ಭರಾಟೆ ಶುರುವಾಗುವುದು ಅದು ಮುಗಿದ ಮೇಲೆ. ಆ ವರ್ಷ ಕೊನೆಯ ಗುರುವಾರ 30ನೇ ತಾರೀಖಿಗೆ ಬಿದ್ದು ಖರೀದಿಯ ದಿನಗಳು ಕಡಿಮೆಯಾದವೆಂದು ವ್ಯಾಪಾರಿಗಳು ಗೋಳಿಟ್ಟರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ಸರಿಸಿಬಿಟ್ಟರು. ಕೆಲವು ರಾಜ್ಯಗಳು ಒಪ್ಪಲಿಲ್ಲ, ದೇಶದಲ್ಲಿ ಎರಡೆರಡು ಹಬ್ಬ ಆದವು. ಕೊನೆಗೆ 1941ರಲ್ಲಿ ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಹಬ್ಬದ ದಿನವನ್ನು ಪಂಚಾಂಗ ಹೇಳುತ್ತದೆ. ಅಲ್ಲಿ ಆ ವರ್ಷ ಗಲ್ಲಾಪೆಟ್ಟಿಗೆ ಹೇಳಿತು!

ಇದನ್ನೆಲ್ಲ ಹೇಳಿ ಪಾಶ್ಚಾತ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಈ ಅತಿರೇಕವನ್ನು ಮೊಟ್ಟಮೊದಲು ವಿರೋಧಿಸಿದವರೂ ಅವರೇ. 1912ರಲ್ಲಿ ನ್ಯೂಯಾರ್ಕಿನ ದುಡಿಯುವ ಹೆಣ್ಣುಮಕ್ಕಳು ಸೇರಿ ಒಂದು ಸಂಘ ಕಟ್ಟಿದರು. ಅದರ ಹೆಸರನ್ನು ಕನ್ನಡದಲ್ಲಿ 'ನಿರುಪಯೋಗಿ ಕೊಡುಗೆಗಳ ತಡೆ ಸಂಘ' ಎನ್ನಬಹುದು. ಆಗಿನ ಕಾಲದಲ್ಲಿ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರು ಕ್ರಿಸ್‌ಮಸ್ ಬಂತೆಂದರೆ ತಮ್ಮ ಅಲ್ಪ ಸಂಬಳದಿಂದ ಹಣ ಒಟ್ಟುಮಾಡಿ ಮೇಲಧಿಕಾರಿಗಳಿಗೆ ಉಡುಗೊರೆ ಕೊಡಬೇಕಾಗಿತ್ತು. ಕೊಡದಿದ್ದರೆ ಎಲ್ಲಿ ಅವರ ಕೋಪಕ್ಕೆ ತುತ್ತಾಗುತ್ತೇವೋ ಎಂಬ ಭಯ. ಆ್ಯನ್ ಮಾರ್ಗನ್, ಎಲಿನರ್ ಬೆಲ್ಮಾಂಟ್ ಎಂಬ ಇಬ್ಬರು ಶ್ರೀಮಂತ ಮಹಿಳೆಯರು ಈ ಹುಡುಗಿಯರ ಬೆನ್ನಿಗೆ ನಿಂತರು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಸದಸ್ಯರಾದರು. ಉಡುಗೊರೆಯೇ ಬೇಡವೆಂದು ಈ ಸಂಘ ಹೇಳಲಿಲ್ಲ. ಹೆದರಿಕೆಯಿಂದ, ಮುಲಾಜಿನಿಂದ ಕೊಡುವುದು ಬೇಡ, ಮನಸ್ಸಿನಿಂದ ಕೊಡೋಣ ಎಂದಿತು. ನೂರು ವರ್ಷ ಕಳೆದರೂ ಆ ಮಾತಿಗೆ ತುಕ್ಕು ಹಿಡಿದಿಲ್ಲ. ಸಂಬಳ ಕೈಗೆ ಬರುವ ಮೊದಲೇ ಖರ್ಚಾಗಿ ಹೋಗುವ ಈ ಊರಿನಲ್ಲಿ, "ಎಲ್ಲರೂ ಐನೂರು ಹಾಕುತ್ತಿದ್ದಾರೆ, ನಾನು ಹೇಗೆ ಇಲ್ಲ ಎನ್ನಲಿ?" ಎಂದು ಬಾಯಿ ಮುಚ್ಚಿಕೊಂಡು ಕೊಡುವ ಹುಡುಗ ಹುಡುಗಿಯರು ನಿಮ್ಮ ನಡುವೆಯೇ ಇದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಪಕ್ಕದವನ ಹಾಸಿಗೆ ಎಷ್ಟಿದೆ ಎಂದೂ ಒಮ್ಮೆ ನೋಡಬೇಕಲ್ಲವೇ?

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಆ ಓದು ಸಾಸಿವೆ ಡಬ್ಬಿಯ ಹಿಂದೆ ಸೇರಿತೆಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ಆದರೆ ಕೆಲವು ಕಥೆಗಳು ಮರೆಯುವುದಿಲ್ಲ. ಓ. ಹೆನ್ರಿ 1905ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರಬೇಕು. ಬಡ ದಂಪತಿಗಳು. ಹೆಂಡತಿಯ ಹತ್ತಿರ ಇರುವುದು 1 ಡಾಲರ್ 87 ಸೆಂಟ್ ಮಾತ್ರ. ಅವಳು ತನ್ನ ನೀಳವಾದ ಕೂದಲನ್ನು 20 ಡಾಲರಿಗೆ ಮಾರಿ ಗಂಡನ ಗಡಿಯಾರಕ್ಕೆ ಸರಪಳಿ ಕೊಳ್ಳುತ್ತಾಳೆ. ಅವನೋ ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆಗಳನ್ನು ತಂದಿರುತ್ತಾನೆ! ಎರಡು ಉಡುಗೊರೆಗಳೂ ನಿರುಪಯೋಗಿ. ಆದರೂ ಅವು ವ್ಯರ್ಥವಾದವೆಂದು ಯಾರಾದರೂ ಹೇಳುತ್ತಾರೆಯೇ? ಒಂದು ಮಾತು ಗಮನಿಸಿ: ಆ ಸರಪಳಿಯೂ ಬಾಚಣಿಗೆಯೂ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವೇ. ಆದುದರಿಂದ ಅಂಗಡಿಯಲ್ಲಿ ಕೊಂಡದ್ದೆಲ್ಲ ಕೀಳು, ಕೈಯಲ್ಲಿ ಮಾಡಿದ್ದೆಲ್ಲ ಮೇಲು ಎಂದು ನಾನು ಹೇಳುವುದಿಲ್ಲ. ಗಂಡನ ಜೇಬಿನಲ್ಲಿರುವ ಗಡಿಯಾರಕ್ಕೆ ಒಳ್ಳೆಯ ಸರಪಳಿ ಇಲ್ಲವೆಂದು ಅವಳು ಎಷ್ಟು ದಿನ ನೋಡಿದ್ದಳೋ! ಕಥೆಯ ಬೆಲೆ ಇರುವುದು ಆ ನೋಟದಲ್ಲಿ.

ಡಿಕನ್ಸ್ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕೂಡ ಇದನ್ನೇ ಹೇಳುತ್ತದೆ. ಜಿಪುಣಾಗ್ರೇಸರ ಸ್ಕ್ರೂಜ್ ತನ್ನ ಗುಮಾಸ್ತನ ಮನೆಗೆ ಟರ್ಕಿ ಕೋಳಿಯನ್ನು ಕಳುಹಿಸುವುದು, ಆ ಮನೆಯ ಊಟದ ಮೇಜಿನ ಸುತ್ತ ಯಾರು ಯಾರಿದ್ದಾರೆ, ಅವರ ತಟ್ಟೆಯಲ್ಲಿ ಎಷ್ಟಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ. ಕಳುಹಿಸಿದ್ದು ಯಾರೆಂದೂ ಅವನು ತಿಳಿಸುವುದಿಲ್ಲ. ನಿಕೊಲಾಸನ ಕಿಟಕಿಯ ಕಥೆಯೇ ಅಲ್ಲವೇ ಇದು? ಈ ಪುಸ್ತಕ ಹೊರಬಂದದ್ದು 1843ರ ಡಿಸೆಂಬರಿನಲ್ಲಿ. ಆಶ್ಚರ್ಯವೆಂದರೆ, ಅದೇ ವರ್ಷ ಅದೇ ಲಂಡನ್ನಿನಲ್ಲಿ ಕ್ರಿಸ್‌ಮಸ್ ಕಾರ್ಡ್ ಕೂಡ ಹುಟ್ಟಿತು. ಹೆನ್ರಿ ಕೋಲ್ ಎಂಬ ಗೃಹಸ್ಥರಿಗೆ ಬಂಧುಮಿತ್ರರೆಲ್ಲರಿಗೂ ಕಾಗದ ಬರೆಯಲು ಪುರಸೊತ್ತಿರಲಿಲ್ಲ. ಕಲಾವಿದರೊಬ್ಬರಿಂದ ಚಿತ್ರ ಬರೆಸಿ, ಶುಭಾಶಯದ ಮಾತನ್ನು ಅಚ್ಚು ಹಾಕಿಸಿದರು. ಹೆಸರನ್ನು ತುಂಬಿಸಿದರೆ ಮುಗಿಯಿತು. ಮಿಕ್ಕ ಕಾರ್ಡುಗಳು ಒಂದೊಂದು ಷಿಲಿಂಗಿಗೆ ಮಾರಾಟಕ್ಕೂ ಬಂದವು. ಪುರಸೊತ್ತಿಲ್ಲದವರ ಪರವಾಗಿ ಅಂಗಡಿಯೇ ಮಾತನಾಡುವ ಕ್ರಮ ಹೀಗೆ ಮೊದಲಾಯಿತು. ಇಂದು ನಿಮ್ಮ ಮೊಬೈಲಿಗೆ ಒಂದೇ ಬೆಳಿಗ್ಗೆ ನಲವತ್ತು ಜನರಿಂದ ಬರುವ ಒಂದೇ ಚಿತ್ರದ ಶುಭಾಶಯ ಆ ಕಾರ್ಡಿನ ಮರಿಮಗು!

ನನ್ನಂಥ ಗೃಹಿಣಿಯ ಮಾತು ಭಾವುಕತೆ ಎನಿಸಿದರೆ ಅರ್ಥಶಾಸ್ತ್ರಜ್ಞರೊಬ್ಬರ ಮಾತನ್ನು ಕೇಳಿ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬವರು 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕಾಚಾರದ ಲೇಖನವೊಂದನ್ನು ಪ್ರಕಟಿಸಿದರು. ಅವರು ವಿದ್ಯಾರ್ಥಿಗಳನ್ನು ಕೇಳಿದ ಪ್ರಶ್ನೆ ಸರಳ: ಭಾವನೆಯ ಬೆಲೆಯನ್ನು ಬದಿಗಿಟ್ಟು ಹೇಳಿ, ನಿಮಗೆ ಬಂದ ಉಡುಗೊರೆ ನಿಮ್ಮ ಪಾಲಿಗೆ ಎಷ್ಟು ಬಾಳುತ್ತದೆ? ಕೊಟ್ಟವರು ಖರ್ಚು ಮಾಡಿದ್ದಕ್ಕಿಂತ ಪಡೆದವರು ಕಟ್ಟಿದ ಬೆಲೆ ಶೇಕಡಾ 10ರಿಂದ ಮೂರರಲ್ಲೊಂದು ಭಾಗದಷ್ಟು ಕಡಿಮೆ ಇತ್ತು. ಅಷ್ಟು ಹಣ ಯಾರಿಗೂ ದಕ್ಕದೆ ಕರಗಿಹೋಯಿತು ಎಂದರ್ಥ. ಆದರೆ ಆ ಲೇಖನದಲ್ಲಿ ಇನ್ನೂ ಒಂದು ಸಂಗತಿ ಇದೆ. ಗೆಳೆಯರು, ಪ್ರೀತಿಪಾತ್ರರು ಕೊಟ್ಟ ಉಡುಗೊರೆಗಳಲ್ಲಿ ನಷ್ಟ ಕಡಿಮೆ. ದೂರದ ಬಂಧುಗಳು ಕೊಟ್ಟವುಗಳಲ್ಲಿ ಹೆಚ್ಚು. ಅಂದರೆ ಬರೀ ಲೆಕ್ಕದ ಕಣ್ಣಿಂದ ನೋಡಿದರೂ, ದಿನವೂ ಒಡನಾಡಿ ಬಲ್ಲವರು ಕೊಟ್ಟದ್ದೇ ಬಾಳುತ್ತದೆ!

ಬಲ್ಲವರು ಕೊಡುವುದೆಂದರೆ ಏನೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಪಕ್ಕದ ಮನೆಯಿಂದ. ನಾವು ಆಗ ಬೊರಿವಲಿಯ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿದ್ದೆವು. ಎದುರು ಬಾಗಿಲು ಮಂಗಳೂರು ಕಡೆಯ ಕ್ರೈಸ್ತರದು. ಅವರ ಮನೆಮಾತು ಕೊಂಕಣಿ, ನಮ್ಮದು ಕುಂದಾಪುರದ ಕನ್ನಡ. ಆ ಮನೆಯಾಕೆಯನ್ನು ಊರ ರೂಢಿಯಂತೆ ನಾನು ಬಾಯಮ್ಮ ಎಂದೇ ಕರೆಯುತ್ತಿದ್ದೆ. ಡಿಸೆಂಬರ್ ನಡುಭಾಗದಿಂದ ಅವರ ಮನೆಯಲ್ಲಿ 'ಕುಸ್ವಾರ್' ತಯಾರಿ. ಕುಸ್ವಾರ್ ಎಂದರೆ ಕ್ರಿಸ್‌ಮಸ್ಸಿನ ತಿಂಡಿಗಳ ಮೇಳ. ಕಾಯಿ, ಎಳ್ಳು ತುಂಬಿದ ಅರ್ಧಚಂದ್ರದಂಥ ನೆವ್ರಿ; ಮುಳ್ಳುಚಮಚದ ಬೆನ್ನಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡಿ ಕರಿದು ಸಕ್ಕರೆ ಪಾಕ ಹಾಕಿದ ಕಿಡ್ಯೊ; ತೆಂಗಿನ ಹಾಲಿನ ಗುಳಿಯೊ; ಅಚ್ಚಿನಲ್ಲಿ ಅದ್ದಿ ಕರಿದ ಹೂವಿನಾಕಾರದ ಕೊಕ್ಕಿಸ್. ಮನೆಮಂದಿಯೆಲ್ಲ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತು ಮಾಡುವ ಕೆಲಸ ಅದು. ಹಬ್ಬದ ದಿನ ಅವನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿ ಮನೆಮನೆಗೆ ಹಂಚುತ್ತಿದ್ದರು.

1996ರ ಶ್ರಾವಣದಲ್ಲಿ ನಮ್ಮ ಮಾವನವರು ತೀರಿಕೊಂಡರು. ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ. ದೀಪಾವಳಿಗೂ ಒಲೆಯ ಮೇಲೆ ಬಾಣಲೆ ಇಡಲಿಲ್ಲ. ಅತ್ತೆಯವರು ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಅವರಾದರೋ ಬಹಳ ಮಡಿವಂತರು. ಬೇರೆಯವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಲೂ ಹಿಂದೆ ಮುಂದೆ ನೋಡುವವರು. ಆ ಕ್ರಿಸ್‌ಮಸ್ಸಿಗೆ ಬಾಯಮ್ಮ ಬಂದಾಗ ಅವರ ಒಂದು ಕೈಯಲ್ಲಿ ನಮ್ಮೆಲ್ಲರ ತಟ್ಟೆ, ಇನ್ನೊಂದು ಕೈಯಲ್ಲಿ ಬಿಳಿ ದಾರ ಕಟ್ಟಿದ ಒಂದು ಪುಟ್ಟ ಸ್ಟೀಲ್ ಡಬ್ಬಿ. ಡಬ್ಬಿಯನ್ನು ಅತ್ತೆಯವರ ಮುಂದಿಟ್ಟು, "ಅಮ್ಮ, ಇದಕ್ಕೆ ಮೊಟ್ಟೆ ಸೋಕಿಸಲಿಲ್ಲ. ಹೊಸ ಎಣ್ಣೆ ತಂದು, ಎಲ್ಲಕ್ಕಿಂತ ಮೊದಲು ನಿಮ್ಮದನ್ನೇ ಕರಿದು ಎತ್ತಿಟ್ಟೆ. ಗುರುತಿಗೆ ದಾರ ಕಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಈ ವರ್ಷ ಬಾಣಲೆ ಇಟ್ಟಿಲ್ಲ ಅಂತ ನನಗೆ ಗೊತ್ತು" ಎಂದರು. ಅವರ ಕಡೆಯಲ್ಲೂ ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ, ನೆರೆಯವರೇ ತಂದುಕೊಡುತ್ತಾರೆ ಎಂದು ಹೇಳಿದರು. ಅತ್ತೆಯವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತಾ ಕುಳಿತರು. ಆಮೇಲೆ ದಾರ ಬಿಚ್ಚಿ ಒಂದು ನೆವ್ರಿ ಮುರಿದು ಬಾಯಿಗೆ ಹಾಕಿಕೊಂಡರು. "ಇದ್ ನಮ್ ಕರ್ಜಿಕಾಯಿಯೇ ಅಲ್ದಾ ಮಾರಾಯ್ತಿ!" ಎಂದರು. ಎಷ್ಟೋ ದಿನಗಳ ನಂತರ ಅವರಾಗಿ ಆಡಿದ ಮಾತು ಅದು.

ಆ ಡಬ್ಬಿಗೆ ಎಷ್ಟು ಖರ್ಚಾಗಿರಬಹುದು? ಇಪ್ಪತ್ತು ರೂಪಾಯಿಯೂ ಇರಲಾರದು. ಬರಿದಾದ ಡಬ್ಬಿಯನ್ನು ಹಿಂದೆ ಕೊಡಬಾರದೆಂಬುದು ನಮ್ಮಲ್ಲಿ ರೂಢಿಯಷ್ಟೆ? ಅತ್ತೆಯವರು ಅದರಲ್ಲಿ ಊರಿಂದ ಬಂದ ಬೆಲ್ಲ ತುಂಬಿಸಿ ಕಳುಹಿಸಿದರು. ಮುಂದಿನ ವರ್ಷದಿಂದ ಅಷ್ಟಮಿಗೆ ಚಕ್ಕುಲಿ, ಉಂಡೆ ಮಾಡಿದಾಗ ಬಾಯಮ್ಮನ ಯಜಮಾನರಿಗೆ ಸಕ್ಕರೆ ಕಾಯಿಲೆಯೆಂದು ನೆನಪಿಟ್ಟು, ಅವರ ಪಾಲಿಗೆ ಉಂಡೆಯ ಬದಲು ನಾಲ್ಕು ಚಕ್ಕುಲಿ ಜಾಸ್ತಿ ಇಡುತ್ತಿದ್ದರು. ಹೀಗೆ ಎರಡು ಬಾಗಿಲುಗಳ ನಡುವೆ ಆ ಡಬ್ಬಿ ಹದಿನೆಂಟು ವರ್ಷ ಓಡಾಡಿತು.

2014ರಲ್ಲಿ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಯಿತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದೆವು. ಅಷ್ಟರಲ್ಲಿ ಅತ್ತೆಯವರು ಇರಲಿಲ್ಲ. ಬಾಯಮ್ಮನೂ 2019ರಲ್ಲಿ ಹೋಗಿಬಿಟ್ಟರು. ಅವರ ಮಗ ಕೆನಡಾದಲ್ಲಿದ್ದಾನೆ. ತಾಯಿ ತೀರಿದ ಮೇಲೂ ಆತ ಪ್ರತಿ ಕ್ರಿಸ್‌ಮಸ್ಸಿಗೆ ಅಲ್ಲಿಂದಲೇ ಆರ್ಡರ್ ಮಾಡಿ ನಮಗೊಂದು ಬುಟ್ಟಿ ಕಳುಹಿಸತೊಡಗಿದ. ಪಳಪಳಿಸುವ ಪ್ಲಾಸ್ಟಿಕ್ ಹಾಳೆ, ಒಳಗೆ ಪ್ಲಮ್ ಕೇಕು, ಚಾಕೊಲೇಟು, ಪರಿಮಳದ ಮೇಣದಬತ್ತಿ, ಜೊತೆಗೊಂದು ಅಚ್ಚು ಹಾಕಿದ ಕಾರ್ಡು. ನಮ್ಮನ್ನು ಮರೆಯದ ಹುಡುಗನ ಮೇಲೆ ನನಗೆ ಅಭಿಮಾನವೇ. ಬುಟ್ಟಿಯಲ್ಲಿ ಎಲ್ಲವೂ ಇತ್ತು. ಆದರೆ ಅದು ಯಾರ ಮನೆಗೂ ಹೋಗಬಹುದಾದ ಬುಟ್ಟಿ. ನಮ್ಮ ಮನೆಯ ಗುರುತಿಗೆ ಕಟ್ಟಿದ ದಾರ ಅದರಲ್ಲಿ ಇರಲಿಲ್ಲ.

2022ರ ಡಿಸೆಂಬರ್ ಮೊದಲ ವಾರದಲ್ಲಿ ಅವನ ಫೋನು ಬಂತು. ಉಭಯ ಕುಶಲೋಪರಿಯ ನಂತರ ಸ್ವಲ್ಪ ಅಳುಕುತ್ತಲೇ ಕೇಳಿದ: "ಆಂಟಿ, ಮಮ್ಮಿ ಮಾಡುತ್ತಿದ್ದ ನೆವ್ರಿಯ ಅಳತೆ ನಿಮಗೇನಾದರೂ ಗೊತ್ತೇ? ನಮ್ಮಲ್ಲಿ ಯಾರೂ ಬರೆದಿಟ್ಟುಕೊಳ್ಳಲಿಲ್ಲ." ನನಗೆ ಗೊತ್ತಿತ್ತು. ಅತ್ತೆಯವರ ಒತ್ತಾಯಕ್ಕೆ ನಾನು ಬಾಯಮ್ಮನ ಬಾಯಿಂದಲೇ ಕೇಳಿ ನನ್ನ ಅಡುಗೆ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆಕೆ ಹೇಳಿದ ಹಾಗೆಯೇ ಬರೆದದ್ದು: 'ಎಳ್ಳು ಸಿಡಿಯುವ ಶಬ್ದ ನಿಂತ ಕೂಡಲೇ ಇಳಿಸಬೇಕು, ಮತ್ತೆ ಮಾತಾಡುತ್ತಾ ನಿಂತರೆ ಕಹಿ.' ಎಣ್ಣೆಯ ಕಲೆಯಾದ ಆ ಪುಟದ ಫೋಟೋ ತೆಗೆದು ಕಳುಹಿಸಿದೆ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಆದುದರಿಂದ ಓದಿ ಧ್ವನಿಮುದ್ರಣವನ್ನೂ ಕಳುಹಿಸಿದೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಅವನ ಫೋಟೋ ಬಂತು. ಅಂಕುಡೊಂಕಾದ, ಅಲ್ಲಲ್ಲಿ ಬಾಯಿಬಿಟ್ಟ ಒಂದು ಡಜನ್ ನೆವ್ರಿಗಳು. "ಮಮ್ಮಿ ಬೈದ ಹಾಗಾಯಿತು ಆಂಟಿ" ಎಂದು ಬರೆದಿದ್ದ. ನನಗೆ ಒಂದು ಕಾಸೂ ಖರ್ಚಾಗಲಿಲ್ಲ. ಆದರೆ ಅದನ್ನು ಅವನಿಗೆ ಯಾವ ಅಂಗಡಿಯೂ ಮಾರುವಂತಿರಲಿಲ್ಲ.

"ಹಾಗಾದರೆ ನಾವು ಕುಸ್ವಾರ್ ಕರಿಯುತ್ತಾ ಕೂರಬೇಕೇ ಆಂಟಿ? ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿದರೆ ರಾತ್ರಿ ಒಂಬತ್ತಕ್ಕೆ ಮನೆ" ಎನ್ನುತ್ತೀರಿ. ನಿಜ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲದಿಲ್ಲ. ನನ್ನ ಮಗಳೂ ಹಾಗೆಯೇ ಓಡುವವಳು. ಒಂದು ವರ್ಷ ಅವಳಿಗೆ ಆಫೀಸಿನ ಚೀಟಿಯಲ್ಲಿ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರ ಹೆಸರು ಬಂತು. ಯಾರೊಡನೆಯೂ ಹೆಚ್ಚು ಮಾತಿಲ್ಲದ ಮನುಷ್ಯ. "ಒಂದು ಕಾಫಿ ಮಗ್ ಆರ್ಡರ್ ಮಾಡಿಬಿಡುತ್ತೇನೆ ಅಮ್ಮ" ಎಂದಳು. "ಅವರು ಕಾಫಿ ಕುಡಿಯುತ್ತಾರಾ?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. "ನಾಲ್ಕು ದಿನ ನೋಡು, ಆಮೇಲೆ ಕೊಳ್ಳು" ಎಂದೆ. ನೋಡಿದಳು. ಆತ ಊಟದ ಬಿಡುವಿನಲ್ಲಿ ಒಂದು ತುಂಡು ಪೆನ್ಸಿಲ್ ಹಿಡಿದು ಮರಾಠಿ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರಂತೆ. ದಾದರಿನ ಪುಸ್ತಕದಂಗಡಿಯಿಂದ ಮರಾಠಿ ಪದಬಂಧಗಳ ಒಂದು ಪುಸ್ತಕ, ಎರಡು ಹೊಸ ಪೆನ್ಸಿಲು, ಒಂದು ರಬ್ಬರು ತಂದಳು. ಇನ್ನೂರು ರೂಪಾಯಿಯೊಳಗೆ ಮುಗಿಯಿತು. ಹೊಸ ವರ್ಷದ ಮೊದಲ ವಾರ ಅವರು ತಾವಾಗಿ ಅವಳ ಮೇಜಿನ ಬಳಿ ಬಂದು, ಒಂದು ಸುಳಿವು ಬಿಡಿಸಲಾಗುತ್ತಿಲ್ಲ, ನಿನಗೇನಾದರೂ ಹೊಳೆಯುತ್ತದೆಯೇ ಎಂದು ಕೇಳಿದರಂತೆ. ಆರು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದವರ ನಡುವೆ ಅದು ಮೊದಲ ಮಾತು!

ಈ ಕಾಯಿಲೆ ಕ್ರಿಸ್‌ಮಸ್ಸಿಗೆ ಮಾತ್ರ ತಗಲಿದ್ದಲ್ಲ ಎಂದೂ ಹೇಳಿಬಿಡುತ್ತೇನೆ. ನಮ್ಮ ದೀಪಾವಳಿಯ ಸೋನ್ ಪಾಪ್ಡಿ ಡಬ್ಬಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಯಾತ್ರೆ ಹೊರಟು, ಕೊನೆಗೆ ಹೊರಟ ಮನೆಗೇ ಮರಳಿ ಬರುವ ತಮಾಷೆಯನ್ನು ನೀವೆಲ್ಲ ಬಲ್ಲಿರಿ. ಯಾರ ಹೆಸರೂ ಇಲ್ಲದ ಡಬ್ಬಿಗೆ ನಿಲ್ಲಲು ಮನೆಯಾದರೂ ಎಲ್ಲಿ?

ಪ್ರಿಯ ಮಕ್ಕಳೇ, ಉಪದೇಶ ಯಾರಿಗೂ ರುಚಿಸುವುದಿಲ್ಲ, ನನಗೆ ಗೊತ್ತು. ಆದರೂ ಹಿರಿಯಳೆಂಬ ಸಲುಗೆಯಿಂದ ಒಂದೆರಡು ಸಲಹೆ. ಡಿಸೆಂಬರ್ 20ಕ್ಕೆ ಉಡುಗೊರೆ ಹುಡುಕಲು ಹೊರಟರೆ ಅಂಗಡಿಯವನು ತೋರಿಸಿದ್ದೇ ಗತಿ. ವರ್ಷದುದ್ದಕ್ಕೂ ನಿಮ್ಮವರು ಮಾತಿನ ನಡುವೆ ಏನೇನೋ ಹೇಳಿರುತ್ತಾರೆ. "ಆ ಹಾಡು ಕೇಳಿ ಎಷ್ಟು ವರ್ಷವಾಯಿತು", "ಮಂಡಿ ನೋವು, ನೆಲದಲ್ಲಿ ಕೂರಲಾಗುವುದಿಲ್ಲ", "ಹಳೆಯ ಫೋಟೋ ಎಲ್ಲ ಮಾಸಿಹೋಯಿತು". ಕೇಳಿದ ದಿನವೇ ಮೊಬೈಲಿನಲ್ಲಿ ಅವರ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಿ. ಆಫೀಸಿನಲ್ಲಿ ವಂತಿಗೆ ಎತ್ತುವಾಗ ಮೊತ್ತವನ್ನು ಎಲ್ಲರಿಗೂ ಹಗುರವಾಗುವಷ್ಟೇ ಇಡಿ. ಕೊಡಲಾಗದವರ ಮುಖ ನೋಡಿ ತಿಳಿದುಕೊಳ್ಳಿ. ಕ್ರೈಸ್ತ ಗೆಳೆಯರಿದ್ದರೆ, ಫೋನಿನಲ್ಲಿ ಚಿತ್ರ ಕಳುಹಿಸುವ ಬದಲು ಒಂದು ಸಂಜೆ ಅವರ ಮನೆಗೆ ಹೋಗಿ ಗೋದಲಿ ನೋಡಿ ಬನ್ನಿ. ಚರ್ಚಿನ ಲೆಕ್ಕದಲ್ಲಿ ಹಬ್ಬದ ದಿನಗಳು 25ರಂದು ಶುರುವಾಗಿ, ಪೂರ್ವದೇಶದ ಜ್ಞಾನಿಗಳು ಶಿಶುವಿಗೆ ಚಿನ್ನ, ಧೂಪ, ರಕ್ತಬೋಳ ಅರ್ಪಿಸಿದ್ದನ್ನು ನೆನೆಯುವ ಜನವರಿ 6ರವರೆಗೂ ಇರುತ್ತವೆ. ಮಾಲಿನವರು 26ಕ್ಕೇ ಮರ ಕಿತ್ತು 'ನ್ಯೂ ಇಯರ್ ಸೇಲ್' ಫಲಕ ಹಾಕುತ್ತಾರೆ, ಅಷ್ಟೆ. ನಿಮಗೆ ಅವಸರವೇನೂ ಇಲ್ಲ.

ಕೊನೆಯದಾಗಿ, ಈ ಪತ್ರಿಕೆಯನ್ನು ಕಷ್ಟಪಟ್ಟು ಅಕ್ಷರ ಕೂಡಿಸಿಕೊಂಡು ಓದುತ್ತಿರುವ ನಿಮಗೆ ಒಂದು ಮಾತು. ಊರಿನಲ್ಲಿ ನಿಮ್ಮ ಅಜ್ಜಿಯೋ, ಅಜ್ಜನೋ, ದೊಡ್ಡಮ್ಮನೋ ಇದ್ದಾರಷ್ಟೆ? ಈ ವರ್ಷ ಅವರಿಗೆ ಶಾಲು, ಸ್ವೆಟರು ಆರ್ಡರ್ ಮಾಡುವ ಮೊದಲು ಒಂದು ಇನ್‌ಲ್ಯಾಂಡ್ ಪತ್ರ ತೆಗೆದುಕೊಳ್ಳಿ. ಕನ್ನಡದಲ್ಲಿ ನಾಲ್ಕೇ ಸಾಲು ಬರೆಯಿರಿ. ಒತ್ತಕ್ಷರ ತಪ್ಪಲಿ, ದೀರ್ಘ ಬಿಟ್ಟುಹೋಗಲಿ. ನಿಮ್ಮ ಅಜ್ಜಿ ಅದನ್ನು ಕನ್ನಡಕ ಒರೆಸಿ ಒರೆಸಿ ಓದುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಆ ಕಾಗದದ ಮೇಲೆ ಕೊಟ್ಟವರ ಹೆಸರೂ ಇರುತ್ತದೆ, ಪಡೆದವರ ಹೆಸರೂ ಇರುತ್ತದೆ. ಬರೆದು ನೋಡಿ.